ಅವ್ವ ಉಂಡ ತುತ್ತು

ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಎತ್ತರದ ಜಾಗ ಕಾಯಿಗಳದ್ದು. ನಡುಮನೆಯಿಂದ ಅಡುಗೆಮನೆಯವರೆಗೂ ಅಟ್ಟ ಹಬ್ಬಿತ್ತು, ಅಟ್ಟದ ತುಂಬ ತೆಂಗಿನಕಾಯಿ. ತೋಟದಿಂದ ಬಂದ ಕಾಯಿ ಸಿಪ್ಪೆ ಸಮೇತ ಅಟ್ಟ ಹತ್ತಿದರೆ ವರ್ಷ ತುಂಬುತ್ತಾ ಬರುವವರೆಗೂ ಕೆಳಗಿಳಿಯುತ್ತಿರಲಿಲ್ಲ. ಒಳಗಿನ ನೀರೆಲ್ಲ ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅಲ್ಲಿಯವರೆಗೆ ಮೇಲೆ ಅವು, ಕೆಳಗೆ ನಾವು. ಒಲೆಯ ಹೊಗೆ ಬಿದಿರಿನ ಸಂದಿಯಲ್ಲಿ ನುಗ್ಗಿ ಅವಕ್ಕೂ ತಾಗುತ್ತಿತ್ತು, ತಿರುಗಿ ಬಂದು ನಮ್ಮ ಕಣ್ಣನ್ನೂ ಉರಿಸುತ್ತಿತ್ತು. ಇಲಿ ಓಡಾಡಿ ಒಂದು ಕಾಯಿ ಉರುಳಿದರೆ ಊಟಕ್ಕೆ ಕೂತಿದ್ದ ಅಪ್ಪ ತಲೆ ಎತ್ತಿ, ‘ಹೂಂ, ಆಗ್ತಾ ಬಂತು’ ಅನ್ನುತ್ತಿದ್ದರು. ನಾವು ಪರೀಕ್ಷೆಯಲ್ಲಿ ಪಾಸಾದರೂ ಅಪ್ಪನ ದನಿಯಲ್ಲಿ ಅಷ್ಟು ಸಂತೋಷ ಕಾಣುತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿಯಿಂದ ಕಂದಿಕೆರೆ ಕಡೆಗೆ ಹೋಗುವ ದಾರಿಯ ಯಾವ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಆ ಅಟ್ಟದ ಕೆಳಗೇ ನಮ್ಮ ಲಿಂಗಪೂಜೆ. ಬೆಳಗ್ಗೆ ಸಂಜೆ ಎರಡು ಹೊತ್ತು ನಡುಮನೆಯಲ್ಲಿ ಸಾಲಾಗಿ ಮಣೆ ಬೀಳುತ್ತಿದ್ದವು. ತಾತ, ಅಪ್ಪ, ಅಣ್ಣ ಸದಾಶಿವ, ನಾನು, ಕೊನೆಯಲ್ಲಿ ಅವ್ವ. ಎಲ್ಲರೂ ಕೊರಳಿನ ಕರಡಿಗೆ ಬಿಚ್ಚಿ, ಒಳಗಿದ್ದ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ನೀರು ಬಿಟ್ಟು, ಕಣ್ಣು ಮುಚ್ಚಬೇಕು. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಅದರದೇ ಒಂದು ಲಿಂಗ ಅದಕ್ಕೆ ಕಟ್ಟುತ್ತಾರೆ. ಸತ್ತಾಗ ಅದೇ ಲಿಂಗವನ್ನು ಅಂಗೈಯಲ್ಲಿಟ್ಟು, ಪೂಜೆಗೆ ಕೂತ ಹಾಗೆಯೇ ಕೂರಿಸಿ ತೋಟದಲ್ಲಿ ಮಣ್ಣು ಮಾಡುತ್ತಾರೆ. ನಡುವಿನ ಆಯುಷ್ಯದಲ್ಲಿ ಅದು ಮೈ ಬಿಟ್ಟು ಹೋಗುವಂತಿಲ್ಲ, ಅದರ ಪೂಜೆಯಾಗದೆ ಒಂದು ತೊಟ್ಟು ಕಾಫಿಯೂ ಗಂಟಲಿಗೆ ಇಳಿಯುವಂತಿಲ್ಲ. ಬೇರೆ ಮನೆಗಳಲ್ಲಿ ಅಲ್ಲಲ್ಲಿ ರಿಯಾಯಿತಿ ಇತ್ತು, ನಮ್ಮನೆಯಲ್ಲಿ ಅವ್ವ ಇದ್ದಳು. ಅವಳು ಸಾಲಿನ ಆ ಕೊನೆಯಿಂದ ಈ ಕೊನೆಗೆ ನೋಡಿ, ‘ಎಲ್ರುದೂ ಆಯ್ತಾ?’ ಅಂತ ಕೇಳಬೇಕು, ಎಲ್ಲರೂ ‘ಆಯ್ತು’ ಅನ್ನಬೇಕು, ಆಮೇಲೆಯೇ ಪಾತ್ರೆಯ ಮುಚ್ಚಳ ತೆಗೆಯುವುದು. ನಾನೋ ಹುಟ್ಟಾ ಹೊಟ್ಟೆಬಾಕಿ. ಒಂದು ದಿನ ಸಾರಿನ ಒಗ್ಗರಣೆ ಘಮ್ಮೆಂದಾಗ ತಡೆಯಲಾರದೆ, ‘ಲಿಂಗಕ್ಕೇನು ಹೊಟ್ಟೆ ಹಸಿತದಾ, ಅದು ಕಾಯ್ಲಿ ಬುಡು’ ಅಂದುಬಿಟ್ಟೆ. ಅವ್ವ ತೊಡೆಯನ್ನು ತಿರುಪಿ ಚಿವುಟಿದ್ದು ಹೇಗಿತ್ತೆಂದರೆ, ಶಾಲೆಯಲ್ಲಿ ಎರಡು ದಿನ ನಾನು ಒಂದೇ ಪಕ್ಕಕ್ಕೆ ಕೂತು ಪಾಠ ಕೇಳಿದೆ.

ಅಣ್ಣ ನನ್ನ ಹಾಗಲ್ಲ. ಅವನು ಹೇಳಿದ್ದನ್ನು ಕೇಳುವ ಹುಡುಗ, ಕೇಳಿದ್ದನ್ನು ಮರೆಯದ ಹುಡುಗ. ಅವನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಟ್ಟದ ಮೂಲೆಯಲ್ಲಿ ಬೆಕ್ಕು ಮರಿ ಹಾಕಿತು. ಮರಿ ನೋಡುವ ಆಸೆಗೆ ಏಣಿ ಹತ್ತಿ ಕಾಯಿಗಳ ಮೇಲೆ ತೆವಳಿಕೊಂಡು ಹೋಗಿ ಬಂದ. ಇಳಿದು, ಮೈ ತೊಳೆದು, ಸಂಜೆಯ ಪೂಜೆಗೆ ಕೂತು, ಎದೆಗೆ ಕೈ ಹಾಕಿದರೆ ಬರಿದು. ಕರಡಿಗೆ ಕಟ್ಟಿದ್ದ ಶಿವದಾರ ಸವೆದು ಎಲ್ಲೋ ಕಿತ್ತುಹೋಗಿತ್ತು. ಅಣ್ಣ ಅಂಗಿಯ ಗುಂಡಿ ಬಿಚ್ಚಿಕೊಂಡು ಹಾಗೇ ಕೂತಿದ್ದ. ಅವ್ವ ಎದ್ದು ಅಡುಗೆಮನೆಗೆ ಹೋದಳು. ಉರಿಯುತ್ತಿದ್ದ ಒಲೆಗೆ ಚೊಂಬಿನ ನೀರು ಸುರಿದ ಸದ್ದು ನಮಗೆಲ್ಲ ಕೇಳಿತು. ತಾತ ಸಮಾಧಾನ ಮಾಡಲು ನೋಡಿದರು.

‘ಸಿಗೋಗಂಟ ಅವನೊಬ್ಬ ಉಣ್ಣಂಗಿಲ್ಲ, ಅಷ್ಟೇ ಕಣವ್ವ. ಮಿಕ್ಕೋರು ಉಣ್ಬೋದು.’

‘ನನ್ನ ಮಗ ಉಪಾಸ ಕೂತಿರೋವಾಗ ಈ ಮನೇಲಿ ಒಲೆ ಉರಿಯಾಕಿಲ್ಲ ಮಾವ,’ ಅಂದಳು ಅವ್ವ.

ಇಡೀ ಅಟ್ಟ ಕೆಳಗಿಳಿಯಿತು. ಅಪ್ಪ ಮೇಲೆ ನಿಂತು ಒಂದೊಂದೇ ಕಾಯಿ ಅಲ್ಲಾಡಿಸಿ, ಸಿಪ್ಪೆ ಸವರಿ ನೋಡಿ ಕೆಳಗೆ ಕೊಡುವುದು, ಅಕ್ಕಪಕ್ಕದವರು ಕೈಯಿಂದ ಕೈಗೆ ದಾಟಿಸಿ ಅಂಗಳದಲ್ಲಿ ಒಟ್ಟುವುದು. ನಾನು ಹೊಸಿಲ ಮೇಲೆ ಕೂತು ಹಸಿವು ಹಸಿವು ಅಂತ ಅತ್ತೆ. ಪಕ್ಕದ ಮನೆಯ ಗೌರಕ್ಕ ಕರುಳು ತಡೆಯದೆ ನನ್ನನ್ನು ಎತ್ತಿಕೊಂಡು ಹೊರಟರೆ, ಅವ್ವ ಬಂದು ನನ್ನ ಕೈ ಹಿಡಿದು ಇಳಿಸಿಕೊಂಡಳು. ಆ ಸಂಜೆ ಯಾರೂ ಉಣ್ಣಲಿಲ್ಲ, ಮಾರನೇ ದಿನ ಬೆಳಗ್ಗೆಯೂ ಇಲ್ಲ. ನೆತ್ತಿಯ ಮೇಲೆ ಬಿಸಿಲು ಬಂದಾಗ ಅಪ್ಪ, ‘ಸಿಕ್ತು!’ ಅಂತ ಕೂಗಿದರು. ಬೆಕ್ಕಿನ ಮರಿಗಳ ಪಕ್ಕದಲ್ಲಿ ಒಂದು ಕಾಯಿಯ ನಾರಿಗೆ ಸಿಕ್ಕಿಕೊಂಡು ಕೂತಿತ್ತಂತೆ. ಅವ್ವ ಹೊಸ ದಾರ ಹಾಕಿ ಅಣ್ಣನ ಕೊರಳಿಗೆ ಕಟ್ಟಿದಳು, ಪೂಜೆ ಮಾಡಿಸಿದಳು, ಒಲೆ ಹಚ್ಚಿದಳು. ಮುದ್ದೆ ಮುರಿದು ಮೊದಲ ತುತ್ತನ್ನು ತಾನೇ ಅವನ ಬಾಯಿಗಿಟ್ಟಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮಾತು ಮಾತ್ರ ಮಚ್ಚಿನ ಹಾಗೆ ಬಂತು.

‘ಇದು ಮೈಮ್ಯಾಲಿಲ್ದೆ ಒಂದು ತುತ್ತು ನಿನ್ನ ಬಾಯಿಗೆ ಹೋಯ್ತು ಅಂದ್ರೆ ನೀನು ನನ್ನ ಮಗ ಅಲ್ಲ ಕಣ್ಲಾ. ತಿಳ್ಕ.’

ಬಾಯಿ ತುಂಬ ಮುದ್ದೆ ಇಟ್ಟುಕೊಂಡು ಅಣ್ಣ ತಲೆಯಾಡಿಸಿದ. ನಾನು ಪಕ್ಕದಲ್ಲೇ ನನ್ನ ತಟ್ಟೆಗೆ ಕೈ ಹಾಕಿದ್ದೆ, ಆ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಅವನಲ್ಲಿ ಅದು ಉಳಿಯಿತು. ನಾನು ಮೈಸೂರಿಗೆ ಸೇರಿದೆ, ಶಾಲೆಯಲ್ಲಿ ಪಾಠ ಹೇಳಿದೆ, ಅವಸರದ ದಿನಗಳಲ್ಲಿ ಪೂಜೆ ಬಿಟ್ಟು ಬಸ್ಸು ಹಿಡಿದೆ. ಅಣ್ಣ ಊರಲ್ಲೇ ನಿಂತು ತೋಟ ನೋಡಿಕೊಂಡ, ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಲು ಹೋದರೂ ಪೂಜೆಯಾಗದೆ ಹೋಟೆಲಿನಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಅವನಿಗೆ ಮಗ ನಂದೀಶ ಹುಟ್ಟಿದ, ನಂದೀಶನಿಗೆ ಮದುವೆಯೂ ಆಯಿತು. ತಾತ, ಅಪ್ಪ ತೋಟದಲ್ಲಿ ಲಿಂಗ ಹಿಡಿದು ಕೂತರು. ಅವ್ವ ಸಾಲಿನ ಕೊನೆಯ ಮಣೆಯಿಂದ ಮೊದಲನೇ ಮಣೆಗೆ ಬಂದಳು.

ಆಮೇಲೆ ಎಲ್ಲರೂ ಬಾಗಿಲು ಹಾಕಿಕೊಳ್ಳುವ ಕಾಲ ಬಂತು. ಕೊರೋನಾ ಅಂದರು, ಲಾಕ್‌ಡೌನ್ ಅಂದರು. ನಂದೀಶನ ಹೆಂಡತಿ ಕವಿತಾ ಬಾಣಂತನಕ್ಕೆಂದು ತುರುವೇಕೆರೆಯ ತವರಿಗೆ ಹೋಗಿದ್ದವಳು ಅಲ್ಲೇ ಸಿಕ್ಕಿಬಿದ್ದಳು. ನಾನು ಮೈಸೂರಿನಲ್ಲಿ. ಪೂಜೆಯ ಸಾಲು ಹೀಗೆ ಹರಿದುಹೋಯಿತಲ್ಲ ಅಂತ ಅವ್ವ ಅನ್ನ ಬಿಡುವುದಕ್ಕೆ ಕೂತಾಗ ದಾರಿ ಹುಡುಕಿದವನು ಅಣ್ಣ. ಅವನು ನಂದೀಶನಿಂದ ವಿಡಿಯೋ ಕಾಲ್ ಕಲಿತ. ಸಂಜೆ ಮಣೆಯ ಮುಂದೆ ಅಟ್ಟದ ಒಂದು ಕಾಯಿ ಇಟ್ಟು ಅದಕ್ಕೆ ಫೋನ್ ಒರಗಿಸಿದರೆ ಕಾಯಿ ಉರುಳಿ ನಮಗೆಲ್ಲ ಬರೀ ಅಟ್ಟ ಕಾಣುತ್ತಿತ್ತು. ‘ಅವ್ವನ್ನ ತೋರ್ಸು ಅಂದ್ರೆ ಕಾಯಿ ತೋರಿಸ್ತೀಯಲ್ಲ ಮಾರಾಯ’ ಅಂತ ನಾನು ಬೈದ ಮೇಲೆ ಮಚ್ಚು ತಂದು ಕಾಯಿಯ ತಳ ಸವರಿದ. ಅವತ್ತಿನಿಂದ ಮೂರು ಊರಿನ ಮೂರು ಮನೆಯವರು ಫೋನಿನಲ್ಲಿ ಸಾಲಾಗಿ ಕೂರತೊಡಗಿದೆವು. ಅವ್ವ ಪರದೆಯ ಹತ್ತಿರ ಮೂಗು ತಂದು, ಒಂದೊಂದೇ ಚೌಕದ ಒಳಗೆ ಇಣುಕಿ, ‘ಎಲ್ರುದೂ ಆಯ್ತಾ?’ ಅಂತ ಕೂಗುತ್ತಿದ್ದಳು. ನಿವೃತ್ತಿಯಾದ ಮೇಲೆ ನಾನು ತಪ್ಪದೆ ಲಿಂಗಪೂಜೆ ಮಾಡಿದ್ದು ಆ ದಿನಗಳಲ್ಲೇ. ಮಾಡದಿದ್ದರೆ ಮೂರು ಊರಿನ ಜನ ನನ್ನಿಂದ ಹಸಿದಿರಬೇಕಲ್ಲ!

ಆ ಬೇಸಿಗೆಯಲ್ಲೇ ಕವಿತಾಗೆ ಹೆಣ್ಣು ಮಗು ಆಯಿತು. ಮಗುವಿಗೆ ಲಿಂಗ ಕಟ್ಟಬೇಕು, ಕಿವಿಯಲ್ಲಿ ಮಂತ್ರ ಹೇಳಬೇಕು, ಹೇಳಬೇಕಾದ ಗುರು, ನಮ್ಮ ಅಯ್ನೋರು, ಅವರ ಮನೆಯಲ್ಲಿ ಬಂದಿ. ಕೊನೆಗೆ ಎಲ್ಲವೂ ಫೋನಿನಲ್ಲೇ ಅಂತ ತೀರ್ಮಾನವಾಯಿತು. ಲಿಂಗವನ್ನು ಸೀಮಂತದ ದಿನವೇ ಅವ್ವ ಮಡಿಲಿಗೆ ಹಾಕಿ ಕಳಿಸಿದ್ದಳು. ಅಯ್ನೋರು ಹೇಳಿದ ಹಾಗೆ ಕವಿತಾಳ ತಂದೆ ಅದನ್ನು ತೊಳೆದು, ವಿಭೂತಿ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಮಗುವಿಗೆ ಮುಟ್ಟಿಸಿ ತೊಟ್ಟಿಲಿಗೆ ಕಟ್ಟಿದರು. ಇನ್ನು ಮಂತ್ರ. ಅದು ಕಿವಿಯೊಳಗೆ ಹೇಳುವ ಮಾತು, ಬೇರೆಯವರಿಗೆ ಕೇಳಬಾರದು. ಅಯ್ನೋರು ಬೇರೆ ಫೋನಿನಲ್ಲಿ ಕವಿತಾಗೆ ಕರೆ ಮಾಡುತ್ತಾರೆ, ಅದನ್ನು ಮಗುವಿನ ಕಿವಿಗೆ ಒತ್ತಿ ಹಿಡಿಯುವುದು, ನಮಗೆ ಏನೂ ಕೇಳಿಸುವುದಿಲ್ಲ ಅಂತ ನಂದೀಶ ಎಷ್ಟು ಬಿಡಿಸಿ ಹೇಳಿದರೂ ಅವ್ವನಿಗೆ ನಂಬಿಕೆಯಿಲ್ಲ.

‘ಈ ಹಾಳು ಫೋನು ಯಾರ್ಗೆ ಗೊತ್ತು? ಎಲ್ರೂ ಕಿವಿ ಮುಚ್ಕಳ್ರೋ!’

ನಾವು ಮುಚ್ಚಿಕೊಂಡೆವು. ಮೈಸೂರಿನಲ್ಲಿ ನಾನು, ನನ್ನ ಗಂಡ. ಊರಲ್ಲಿ ಅವ್ವ, ಅಣ್ಣ, ಅತ್ತಿಗೆ, ನಂದೀಶ. ಏನೂ ಕೇಳಿಸದ ಫೋನಿನ ಮುಂದೆ ಕಿವಿಗೆ ಬೆರಳಿಟ್ಟುಕೊಂಡು ಕೂತ ನಮ್ಮ ಮುಖಗಳನ್ನು ನೋಡಿ ಮೊದಲು ನಗಲು ಶುರು ಮಾಡಿದವನು ಅಣ್ಣ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವನೂ ನಕ್ಕಳು. ಅವತ್ತು ಮೂರು ಮನೆಯಲ್ಲೂ ಕಾಯಿ ಹೋಳಿಗೆ ಮಾಡಿ, ಒಬ್ಬರಿಗೊಬ್ಬರು ತೋರಿಸಿಕೊಂಡು ತಿಂದೆವು. ಮಗುವಿಗೆ ಗಂಗಾ ಅಂತ ಹೆಸರಿಟ್ಟೆವು. ಬಾಗಿಲುಗಳು ತೆರೆದ ಮೇಲೆ ಅವಳು ಊರಿಗೆ ಬಂದಳು, ಅಣ್ಣನ ತೋಳು ಬಿಟ್ಟು ಇಳಿಯಲಿಲ್ಲ. ಅವನ ಕೊರಳಿನ ಬೆಳ್ಳಿ ಕರಡಿಗೆಯನ್ನು ಬಾಯಿಗಿಟ್ಟು, ಹೊಸ ಹಲ್ಲಿನಲ್ಲಿ ಕಡಿದು, ಅದರ ಅಂಚಿನಲ್ಲಿ ಒಂದು ತಗ್ಗು ಮಾಡಿದ್ದಳು. ಅದನ್ನು ಅಣ್ಣ ಬಂದವರಿಗೆಲ್ಲ ತೋರಿಸುತ್ತಿದ್ದ.

ಎರಡನೇ ಸಲ ರೋಗ ಬಂದಾಗ ಅದು ಅಣ್ಣನನ್ನು ಹಿಡಿಯಿತು. ಕವಿತಾ ಆಗ ಯುಗಾದಿಗೆಂದು ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ಅದೊಂದು ಪುಣ್ಯ. ಅಣ್ಣನಿಗೆ ಜ್ವರ, ಕೆಮ್ಮು, ಆಮೇಲೆ ಉಸಿರು ಸಾಲದು. ನಂದೀಶ ಆಂಬುಲೆನ್ಸಿನ ಹಿಂದೆ ಬೈಕಿನಲ್ಲಿ ತುಮಕೂರಿಗೆ ಹೋದ. ಆಸ್ಪತ್ರೆಯ ಗೇಟಿನ ಒಳಗೆ ಅವನನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ಒಂದು ಪ್ಲಾಸ್ಟಿಕ್ ಕವರ್ ತಂದು ಕೈಗಿಟ್ಟರು. ಅಂಗಿ, ವಾಚು, ಉಂಗುರ, ಕರಡಿಗೆ. ಫೋನ್ ಒಂದನ್ನು ಬಿಟ್ಟು ಮೈಮೇಲಿನ ವಸ್ತುವೊಂದೂ ಒಳಗಿರುವಂತಿಲ್ಲ ಅಂತ ಅಲ್ಲಿನ ನಿಯಮ, ಎಲ್ಲರಿಗೂ ಹಾಗೇ ಅಂತೆ. ನಂದೀಶ ಕವರ್ ಹಿಡಿದುಕೊಂಡು ಮನೆಗೆ ಬಂದ. ಅಷ್ಟರಲ್ಲಿ ಅವನಿಗೂ ಅತ್ತಿಗೆಗೂ ಜ್ವರ ಶುರುವಾಗಿ, ಮನೆಯ ಮುಂದೆ ಪಟ್ಟಿ ಕಟ್ಟಿ, ಯಾರೂ ಹೊರಗೆ ಬರಬೇಡಿ ಅಂದರು. ಅವ್ವನಿಗೆ ಮಾತ್ರ ಒಂದು ಸೀನೂ ಬರಲಿಲ್ಲ. ‘ಈ ಒಣಗಿದ ಕಟ್ಟಿಗೇನ ಬುಟ್ಟು ನನ್ನ ಮಗನ್ನ ಹಿಡ್ಕಂಡ್ಯಲ್ಲೋ’ ಅಂತ ಅವಳು ಶಿವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳಂತೆ, ಎರಡು ಹೊತ್ತು ಪೂಜೆಯನ್ನೂ ಮಾಡುತ್ತಿದ್ದಳಂತೆ.

ಒಂದು ಮಧ್ಯಾಹ್ನ ನನ್ನ ಫೋನಿಗೆ ಅಣ್ಣನ ನಂಬರಿನಿಂದ ವಿಡಿಯೋ ಕರೆ ಬಂತು. ಮಾತಾಡಿದ್ದು ವಾರ್ಡಿನ ನರ್ಸು, ಚಿಕ್ಕ ಹುಡುಗಿ ಇರಬೇಕು, ದನಿ ಹಾಗಿತ್ತು.

‘ಮೇಡಂ, ನಿಮ್ಮಣ್ಣ ಬಂದಾಗಿಂದ ಏನೂ ತಿಂದಿಲ್ಲ. ಗಂಜಿ ಕೊಟ್ರೆ ಬಾಯಿ ಬಿಗಿ ಹಿಡೀತಾರೆ. ಬರೀ ಡ್ರಿಪ್ಪಲ್ಲಿ ಎಷ್ಟು ದಿನ ಅಂತ ಡಾಕ್ಟರ್ ಬೈತಿದ್ದಾರೆ. ಹೀಗೇ ಆದ್ರೆ ಮೈಯಲ್ಲಿ ತಡ್ಕೊಳ್ಳೋ ಶಕ್ತಿ ಇರಲ್ಲ. ನೀವಾದ್ರೂ ಹೇಳಿ.’

ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. ಮುಖದ ತುಂಬ ಮಾಸ್ಕು, ಕೈಗೆ ಸೂಜಿ. ನಾನು ಏನೂ ಕೇಳುವ ಮೊದಲೇ ಅಣ್ಣ ಆ ಕೈಯನ್ನು ಎತ್ತಿ ಬರಿದಾದ ಎದೆಯ ಮೇಲೆ ಇಟ್ಟುಕೊಂಡ. ನನಗೆ ತಕ್ಷಣ ಅರ್ಥವಾಯಿತು. ಆಮೇಲೆ ಸಿಟ್ಟು ನೆತ್ತಿಗೇರಿತು.

‘ಏನಣ್ಣ ಇದು ಹುಚ್ಚಾಟ? ಬದುಕಿ ಬಾ, ಆಮೇಲೆ ದಿನವಿಡೀ ಪೂಜೆ ಮಾಡುವಂತೆ! ಯಾವ ಶಿವ ನಿಂಗೆ ಗಂಜಿ ಕುಡೀಬೇಡ ಅಂದ?’

ಅವನು ಮಾಸ್ಕು ಸರಿಸಿದ. ಅಷ್ಟಕ್ಕೇ ಏದುಸಿರು ಬಂತು.

‘ಅವ್ವ ಒಪ್ಪಬೇಕು ಕಣೇ ಗಿರಿಜಾ.’

ಅರವತ್ತು ದಾಟಿದ ಗಂಡಸು, ಮೊಮ್ಮಗಳನ್ನು ಕಂಡವನು, ಸಾಯುವ ಹಾಸಿಗೆಯಲ್ಲಿ ಮಲಗಿ, ಅವ್ವ ಒಪ್ಪಬೇಕು ಅಂತಾನೆ! ಲಿಂಗವನ್ನೇ ಕಳಿಸೋಣ ಅಂತ ನೋಡಿದೆವು. ಪರಿಚಯದ ವ್ಯಾನಿನವನೊಬ್ಬ ತಲುಪಿಸಲು ಒಪ್ಪಿದ್ದ. ಒಳಗೆ ಹೊರಗಿನದು ಏನೂ ಬರುವಂತಿಲ್ಲ, ಬಂದರೂ ಆ ಗದ್ದಲದಲ್ಲಿ ಕಳೆದುಹೋದರೆ ನಾನೇನು ಮಾಡಲಿ ಅಂತ ನರ್ಸು ಅಳುವ ದನಿಯಲ್ಲಿ ಹೇಳಿದಳು. ಅವಳನ್ನು ಯಾವ ಬಾಯಿಂದ ಬೈಯುವುದು? ಅಯ್ನೋರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ತಾವೇ ಅಣ್ಣನ ಹತ್ತಿರ ಮಾತಾಡಿದರು. ಜೀವ ಉಳಿಸಿಕೊಳ್ಳಲು ಉಂಡರೆ ದೋಷವಿಲ್ಲ, ಮನಸ್ಸಿನಲ್ಲೇ ಪೂಜೆ ಮಾಡಿ ಉಣ್ಣಿ ಸದಾಶಿವಣ್ಣ ಅಂದರು. ಅಣ್ಣ ಕೈಮುಗಿದ. ಗಂಜಿ ಮುಟ್ಟಲಿಲ್ಲ. ಇನ್ನು ಉಳಿದವಳು ಅವ್ವ.

ನಾನು ಅವ್ವನಿಗೆ ಫೋನ್ ಮಾಡಿದೆ. ಮುಚ್ಚುಮರೆ ಮಾಡದೆ ಎಲ್ಲ ಹೇಳಿದೆ.

‘ನೀನೇ ಹೇಳ್ಬೇಕು ಅವ್ವ. ನೀನು ಹೇಳಿದ್ರೆ ಉಣ್ತಾನೆ.’

‘ಏನಂತ ಹೇಳ್ಲಿ?’

‘ಉಣ್ಣು ಅಂತ.’

‘ಲಿಂಗ ಇಲ್ದೆ?’

‘ಹೂಂ.’

 ಅವ್ವ ದನಿ ತಗ್ಗಿಸಿದಳು.

‘ಹುಟ್ಟಿದಾಗಿಂದ ಬ್ಯಾಡ ಅಂದಿರೋ ಬಾಯಲ್ಲಿ ಈಗ ಹೆಂಗೆ ಅಂದೇನೇ? ಅಂದ್ರೂ ಅವನು ನಂಬ್ತಾನಾ? ನನ್ನ ಉಳಿಸ್ಕಳಾಕೆ ಅವ್ವ ಸುಳ್ಳು ಹೇಳ್ತಾವ್ಳೆ ಅಂತಾನೆ. ನನ್ನ ಮಗ ನಂಗೆ ಗೊತ್ತಿಲ್ವಾ?’

‘ಹಂಗಾದ್ರೆ ಸಾಯ್ಲಿ ಬುಡು,’ ಅಂದೆ ನಾನು. ‘ನಿಂಗೆ ಲಿಂಗ ಹೆಚ್ಚೋ, ಮಗ ಹೆಚ್ಚೋ, ಅದನ್ನೊಂದು ಹೇಳ್ಬುಡವ್ವ, ಫೋನ್ ಇಟ್ಬುಡ್ತೀನಿ.’

ಫೋನ್ ಇಟ್ಟವಳು ಅವ್ವನೇ. ಆ ಸಂಜೆ ಸಾಲು ಕೂರಲಿಲ್ಲ. ಯಾರೂ ಯಾರನ್ನೂ ‘ಆಯ್ತಾ’ ಅಂತ ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ನಂದೀಶ ಕರೆ ಮಾಡಿ, ‘ಅತ್ತೆ, ಅಜ್ಜಿ ಎಲ್ರುನ್ನೂ ಫೋನಿಗೆ ಬರೋಕೆ ಹೇಳ್ತಾವ್ರೆ, ಅಪ್ಪನ್ನೂ’ ಅಂದ. ನರ್ಸು ಹುಡುಗಿ ಅಣ್ಣನ ಮುಖದ ಮುಂದೆ ಫೋನ್ ಹಿಡಿದಳು. ಊರಿನ ಚೌಕದಲ್ಲಿ ಅವ್ವ ಮಣೆಯ ಮೇಲೆ ಕೂತಿದ್ದಳು. ಮೈ ತೊಳೆದು ಒದ್ದೆ ಕೂದಲು ಬಿಟ್ಟಿದ್ದಳು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅವ್ವನ ಬರೀ ಹಣೆ ನೋಡಿದವಳಲ್ಲ, ಯಾರೋ ಬೇರೆ ಹೆಂಗಸು ಬಂದು ಕೂತ ಹಾಗೆ ಕಂಡಿತು. ಮುಂದೆ ತಟ್ಟೆಯಲ್ಲಿ ಮುದ್ದೆ, ಸಾರು. ಅವಳು ಏನೂ ಹೇಳದೆ ಎರಡೂ ಕೈ ಎತ್ತಿ ಕೊರಳಿನ ಶಿವದಾರ ಹಿಡಿದಳು. ಅದು ಕಿವಿಯ ಓಲೆಗೆ ಸಿಕ್ಕಿಕೊಂಡಿತು. ಬಿಡಿಸಿ, ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ದೇವರ ಗೂಡಿನಲ್ಲಿಟ್ಟಳು. ‘ಅವ್ವ, ಏನ್ ಮಾಡ್ತಿದೀಯ!’ ಅಂತ ಚೀರಿದೆ, ಹಿಂದಿನ ದಿನ ಅಷ್ಟು ಜೋರು ಮಾಡಿದ್ದ ನಾನೇ. ಅವ್ವ ನನ್ನ ಕಡೆ ನೋಡಲೂ ಇಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ನುಂಗಿದಳು.

‘ನೋಡ್ಲಾ ಸದಾ. ಪೂಜೆ ಮಾಡಿಲ್ಲ. ನನ್ನ ಮೈಮ್ಯಾಲೂ ಇಲ್ಲ. ಉಂಡೆ. ಈಗ ಹೇಳು, ನಾನು ನಿಮ್ಮವ್ವ ಹೌದೋ ಅಲ್ವೋ?’

ಅಣ್ಣನ ಮಾಸ್ಕಿನ ಒಳಗೆಲ್ಲ ಆವಿ ಕಟ್ಟಿತು. ಅವನು ಅಳುತ್ತಿದ್ದ.

‘ಹೌದು ಕಣವ್ವ.’

‘ಹಂಗಾದ್ರೆ ನೀನೂ ನನ್ನ ಮಗನೇ. ಬಾಯಿ ತೆಗಿ. ಉಣ್ಣು.’

ಅವನು ಬಾಯಿ ತೆಗೆದ. ನರ್ಸು ಒಂದು ಚಮಚ ಗಂಜಿ ಹಾಕಿದಳು. ಇತ್ತ ಅವ್ವ ಇನ್ನೊಂದು ತುತ್ತು ನುಂಗಿದಳು. ಅವನಿಗೊಂದು ಚಮಚ, ಇವಳಿಗೊಂದು ತುತ್ತು, ಹೀಗೇ ನಡೆಯಿತು. ಅವನು ಸಾಕು ಅಂತ ಕೈಯಾಡಿಸುವಷ್ಟರಲ್ಲಿ ಅವ್ವನ ತಟ್ಟೆಯೂ ಬರಿದಾಗಿತ್ತು. ಅವಳು ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆಯುವ ಬದಲು ಗೋಡೆ ಹಿಡಿದುಕೊಂಡು ನಿಂತಿದ್ದಳು ಅಂತ ನಂದೀಶ ಆಮೇಲೆ ಹೇಳಿದ. ಮುಂದಿನ ದಿನಗಳಲ್ಲೂ ಹಾಗೇ. ಅಣ್ಣ ಉಣ್ಣುವ ಹೊತ್ತಿಗೆ ಅವ್ವ ಲಿಂಗವಿಲ್ಲದ ಕೊರಳಿನಲ್ಲಿ ಫೋನಿನ ಮುಂದೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ತುರುವೇಕೆರೆಯಿಂದ ಗಂಗಾ, ‘ತಾತಾ, ಆಮ್’ ಅನ್ನುತ್ತಿದ್ದಳು. ಅಣ್ಣನ ಮುಖಕ್ಕೆ ಸ್ವಲ್ಪ ಬಣ್ಣ ಬಂದ ಹಾಗೆ ಕಂಡಿತು, ನರ್ಸು ಕೂಡ ಪರವಾಗಿಲ್ಲ ಅಂದಳು. ನಾನು ಬಾಯಿ ಬಿಟ್ಟು ಹೇಳದಿದ್ದರೂ ಅವನು ಮನೆಗೆ ಬರುವ ದಿನಕ್ಕೆ ಏನು ಅಡುಗೆ ಅಂತ ಯೋಚಿಸತೊಡಗಿದ್ದೆ.

ಆದರೂ ಅಣ್ಣ ಉಳಿಯಲಿಲ್ಲ. ಒಂದು ಬೆಳಗ್ಗೆ ಅವನ ನಂಬರಿನಿಂದ ಬಂದ ಫೋನಿನಲ್ಲಿ ನರ್ಸು ಬರೀ ಅತ್ತಳು. ದೇಹವನ್ನು ಕೊಡಲಿಲ್ಲ, ಕೊಟ್ಟರೂ ತರಲು ಮನೆಯಿಂದ ಹೊರಬರುವ ಹಾಗಿದ್ದವರು ಯಾರೂ ಇರಲಿಲ್ಲ. ಮೈಸೂರಿನಿಂದ ನಾನು ಹೊರಡುವ ದಾರಿಯೆಲ್ಲ ಮುಚ್ಚಿತ್ತು. ಮೈಪೂರ್ತಿ ಮುಚ್ಚಿಕೊಂಡ ಯಾರೋ ನಾಲ್ಕು ಜನ ಊರಾಚೆ ಎಲ್ಲೋ ಗುಂಡಿ ತೆಗೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ನನ್ನಣ್ಣನನ್ನು ಮಲಗಿಸಿ ಮಣ್ಣೆಳೆದರು. ಅವರಿಗೂ ಮಕ್ಕಳುಮರಿ ಇದ್ದಾವು, ಅವರದ್ದೂ ತಪ್ಪಲ್ಲ. ಕೂರಿಸಲಿಲ್ಲ, ವಿಭೂತಿ ಇಲ್ಲ, ಪತ್ರೆ ಇಲ್ಲ, ಅಂಗೈ ಖಾಲಿ. ಹೊಟ್ಟೆಗೆ ಹಿಟ್ಟಿಲ್ಲದೆ ಒಂದು ರಾತ್ರಿ ಅರ್ಧ ಹಗಲು ಇಡೀ ಅಟ್ಟ ಇಳಿಸಿ ಹುಡುಕಿದ ಲಿಂಗ, ಕೊನೆಗೆ ಅವನು ಹೋಗುವಾಗ ಮನೆಯ ಮೊಳೆಗೆ ನೇತುಹಾಕಿದ್ದ ಕವರಿನಲ್ಲಿ ಬಿದ್ದಿತ್ತು.  ಕಾಲ ಕಳೆದಂತೆ ಎಲ್ಲ ಸರಿಹೋಗುತ್ತೆ ಅನ್ನುತ್ತಾರೆ, ನನಗೆ ಏನೂ ಸರಿಹೋಗಿಲ್ಲ. ದೇವರ ಮುಂದೆ ಕೂತರೆ ಕೇಳಿಕೊಳ್ಳಲು ಏನೂ ನೆನಪಾಗುವುದಿಲ್ಲ.

ಬಾಗಿಲು ತೆರೆದ ಮೇಲೆ ಊರಿಗೆ ಹೋದೆ. ಅತ್ತಿಗೆ ನನ್ನನ್ನು ಹಿಡಿದು ಅತ್ತಳು, ಅವ್ವ ಅಳಲಿಲ್ಲ. ಅಯ್ನೋರು ಬಂದು ಅಣ್ಣನ ಲಿಂಗವನ್ನು ತೊಳೆದು ಪೂಜೆ ಮಾಡಿದರು. ತೋಟದಲ್ಲಿ ಅಪ್ಪನ ಸಮಾಧಿಯ ಪಕ್ಕ ಸಣ್ಣ ಗುಂಡಿ ತೆಗೆದು, ಮಗುವಿನ ಹಲ್ಲಿನ ತಗ್ಗಿದ್ದ ಕರಡಿಗೆಯ ಸಮೇತ ಅದನ್ನು ಇಟ್ಟು ಮಣ್ಣು ಮುಚ್ಚಿದೆವು. ಮನುಷ್ಯನಿಲ್ಲದ ಸಮಾಧಿ. ಮನೆಗೆ ಬಂದ ಮೇಲೆ ಅಯ್ನೋರು ದೇವರ ಗೂಡಿನಿಂದ ಅವ್ವನ ಕರಡಿಗೆ ತೆಗೆದುಕೊಂಡರು.

‘ಬನ್ನಿ ತಾಯಿ, ಶುದ್ಧಿ ಮಾಡಿ ಕಟ್ಟುತೀನಿ. ಮಗನ ಜೀವಕ್ಕೋಸ್ಕರ ತೆಗೆದಿದ್ರಿ, ಶಿವ ಮೆಚ್ಚೋ ಕೆಲಸವೇ. ಈಗ ಕಟ್ಕಳ್ಳಿ.’

ಅವ್ವ ಮಣೆಯ ಮೇಲೆ ಕೂರಲಿಲ್ಲ. ಕಂಬಕ್ಕೆ ಒರಗಿ ನಿಂತೇ ಇದ್ದಳು.

‘ಬ್ಯಾಡ ಅಯ್ನೋರೆ. ಈಗ ಕಟ್ಕಂಡ್ರೆ, ಅವತ್ತು ನಾನು ತೆಗ್ದಿದ್ದು ಅವನಿಗೆ ಗಂಜಿ ಕುಡ್ಸಾಕೆ ಆಡಿದ್ ಆಟ ಅನ್ನಂಗಾಗ್ತದೆ. ನನ್ನ ಮಗ ನನ್ನ ನಂಬಿ ಉಂಡ. ಸತ್ತೋನಿಗೆ ಸುಳ್ಳು ಹೇಳ್ದಂಗೆ ಆಗ್ಬಾರ್ದು.’

‘ಹಂಗಂದ್ರೆ ನಾಳೆ ನೀವು...’ ಅಂದ ಅಯ್ನೋರು ಕೈಯಲ್ಲಿದ್ದ ಕರಡಿಗೆ ನೋಡಿದರು.

‘ಹೂಂ, ಹೋಗ್ತೀನಿ. ನನ್ನೂ ಹಂಗೇ ಮಲಗ್ಸಿ. ಅವನು ಹಂಗೇ ಹೋದ್ನಲ್ಲ.’

ಅತ್ತಿಗೆ ಕಾಲು ಹಿಡಿದಳು, ನಾನು ಬೈದೆ, ಬೇಡಿದೆ. ಅವ್ವ ಜಗ್ಗಲಿಲ್ಲ. ಚಿಕ್ಕಂದಿನಲ್ಲಿ ಒಲೆಗೆ ನೀರು ಸುರಿದವಳು ಇವಳೇ ಅಲ್ಲವಾ? ಆಗ ಅವಳ ಹಠ ಅಂದರೆ ನನಗೆ ಭಯ, ಈಗ ಸಂಕಟ. ಅವಳ 'ಮಗ ಅಲ್ಲ' ಅನ್ನುವ ಆ ಒಂದು ಮಾತನ್ನು ಅವಳೇ ಹಿಂದಕ್ಕೆ ತೆಗೆದುಕೊಳ್ಳಲು ಜೀವಮಾನದ ಪೂಜೆಯನ್ನೇ ಕೊಡಬೇಕಾಯಿತು, ಕೊಟ್ಟಳು, ಕೊಟ್ಟರೂ ಮಗ ಬರಲಿಲ್ಲ. ಈ ವ್ಯಾಪಾರದಲ್ಲಿ ಶಿವನಿಗೆ ಏನು ಸಿಕ್ಕಿತೋ ನನಗೆ ತಿಳಿಯದು.

ಅವ್ವ ಇನ್ನೂ ಇದ್ದಾಳೆ. ಸಂಜೆಯ ಫೋನೂ ನಿಂತಿಲ್ಲ, ತಳ ಸವರಿದ ಆ ಕಾಯಿಗೇ ಒರಗಿಸುತ್ತಾರೆ. ಅದು ಒಣಗಿ, ಮುಟ್ಟಿದರೆ ಒಳಗೆ ಕೊಬ್ಬರಿ ಗುಡುಗುಡು ಅನ್ನುತ್ತದೆ. ಗಂಗಾ ಈಗ ಶಾಲೆಗೆ ಹೋಗುತ್ತಾಳೆ. ಮುತ್ತಜ್ಜಿಯ ಪಕ್ಕದ ಮಣೆ ಅವಳದು. ಮೊನ್ನೆ ಪುಟ್ಟ ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಪತ್ರೆ ಏರಿಸಿ, ಕಣ್ಣು ಮುಚ್ಚಿ ತೆಗೆದವಳು ಅವ್ವನ ಕಡೆ ತಿರುಗಿ ನೋಡಿದಳು. ಅವ್ವ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು.

‘ಎಲ್ರುದೂ ಆಯ್ತಾ?’ ಅಂದಳು ಅವ್ವ.

ನಾವೆಲ್ಲ ಆಯ್ತು ಅಂದೆವು. ಮಗು ಮಾತ್ರ ಕೇಳಿತು.

‘ನಿಂದೆಲ್ಲಿ ಅಜ್ಜಿ?’

 ಅವ್ವ ಆ ಖಾಲಿ ಅಂಗೈಯಿಂದಲೇ ಮಗುವಿನ ತಲೆ ಸವರಿದಳು.

‘ನಿಮ್ಮ ತಾತನ ಹತ್ರ ಇಲ್ವಲ್ಲ ಕಣವ್ವ, ಅದಕ್ಕೆ ನಂಗೂ ಇಲ್ಲ. ನೀನು ಉಣ್ಣು.’